ಮೋರೀಸಿನ ಮಳೆ ತಂದ ಮಾವ

ಬಳ್ಳಾರಿಗೆ ಮಳೆ ಬರದಿದ್ದರೆ ಎಲ್ಲರೂ ದೇವರನ್ನು ಬೈಯುತ್ತಿದ್ದರು. ನನ್ನ ಸೋದರಮಾವ ಒಬ್ಬ ಮಾತ್ರ ಊರ ಗುಡ್ಡವನ್ನು ಬೈಯುತ್ತಿದ್ದ. ಪಾಪ, ಗುಡ್ಡ ಏನು ಮಾಡಿತ್ತು ಅನ್ನುತ್ತೀರಾ? ಸಾಕಷ್ಟು ಎತ್ತರ ಬೆಳೆದಿರಲಿಲ್ಲವಂತೆ!

ಮಾವ ಹರೆಯದಲ್ಲಿ ಹುಟ್ಟೂರು ರಾರಾವಿ ಬಿಟ್ಟು, ಮದರಾಸಿನಲ್ಲಿ ಹಡಗು ಹತ್ತಿ, ಮೋರೀಸು ದ್ವೀಪದ ಕಬ್ಬಿನ ತೋಟದಲ್ಲಿ ದುಡಿದು ಬಂದವನು. ಅಲ್ಲಿಂದ ತಂದದ್ದು ಒಂದೇ ಮಾತು: "ಗಾಳಿ ಗುಡ್ಡ ಹತ್ತಿದ್ರ ತಣ್ಣಗಾಗತೈತಿ. ತಣ್ಣಗಾದ್ರ ನೀರು ಬಿಡತೈತಿ. ಆಚಿ ಇಳಿಯೋವಾಗ ಅದರ ಕೈ ಖಾಲಿ." ಆ ದ್ವೀಪದಲ್ಲಿ ಕಡಲಗಾಳಿ ಬಂದು ಬಡಿಯುವ ಮೂಡಣ ಮಗ್ಗುಲಲ್ಲಿ ಉಟ್ಟ ಬಟ್ಟೆ ಒಣಗುವುದಿಲ್ಲವಂತೆ; ಬೆಟ್ಟದಾಚೆ ಪಡುವಣ ಮಗ್ಗುಲಲ್ಲಿ ಬರೀ ಬಿಸಿಲಂತೆ. ನಮಗೆ ಬರುವ ಮುಂಗಾರು ಗಾಳಿಯೂ ಪಡುವಣ ಘಟ್ಟದ ಮೇಲೆ ಇದ್ದದ್ದೆಲ್ಲ ಸುರಿದೇ ಬರುತ್ತದೆಂಬುದು ಅವನ ಸಿದ್ಧಾಂತ.

ಸಿರುಗುಪ್ಪದಲ್ಲಿ ನನ್ನ ತಂಗಿಯ ಮದುವೆ. ಮಾವ ಅಡುಗೆಮನೆಗೆ ನುಗ್ಗಿ, ಕುದಿಯುವ ಸಾರಿನ ಮೇಲೆ ತಣ್ಣನೆಯ ಹಿತ್ತಾಳೆ ತಟ್ಟೆ ಹಿಡಿದ. ತಟ್ಟೆಯ ಅಡಿಯಿಂದ ಹನಿ ತೊಟ್ಟಿಕ್ಕಿತು. "ನೋಡ್ರಿ, ಮ್ಯಾಲಿನ ತಂಪಿಗೆ ಹಬಿ ನೀರಾತು. ಇದ ಮಳಿ."

ಅಡುಗೆಯವನು ಸೌಟು ಕೆಳಗಿಡದೆ ಹೇಳಿದ: "ಆಗಲ್ರಿ. ಸಾರು ನೀರಾಗೈತಿ ಅಂತ ಬೀಗರು ಬಂದ್ರ ಗುಡ್ಡದ ಕಡೆ ಕಳಸ್ತೀನಿ."

ಅಲ್ಲಿಯೇ ಯಾರೋ ಮಾವನಿಗೊಂದು ಹೆಣ್ಣಿನ ಮಾತೆತ್ತಿದರು. "ಹೆಣ್ಣಿನ ಮನಿ ಗುಡ್ಡದ ಯಾವ ಮಗ್ಗುಲು?" ಎಂದು ಕೇಳಿದ. ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಗುಡ್ಡವೆಲ್ಲಿಂದ ತರುವುದು? ಮಾತು ಅಲ್ಲಿಗೇ ಮುರಿಯಿತು.

ಒಂದು ಆಷಾಢದಲ್ಲಿ ನನ್ನನ್ನು ಕುರುಗೋಡಿನ ಗುಡ್ಡ ಹತ್ತಿಸಿದ. ಮೋಡಗಳು ಒಂದು ಹನಿಯನ್ನೂ ಕೊಡದೆ ಮೂಡಣಕ್ಕೆ ಓಡುತ್ತಿದ್ದವು. ಏದುಸಿರಿನ ನಡುವೆ ಕೇಳಿದೆ: "ಮಾವ, ಅಲ್ಲಿ ನೀನಿದ್ದದ್ದು ಯಾವ ಮಗ್ಗುಲು?"

"ಮಳಿ ಮಗ್ಗುಲು." ಓಡುವ ಮೋಡಗಳ ಕಡೆ ಮುಖ ತಿರುಗಿಸಿ, "ಆಕಿ ಬಿಸಿಲು ಮಗ್ಗುಲು" ಎಂದ.

ಆಕೆ ಕರ್ನೂಲು ಕಡೆಯವಳು, ಬೆಟ್ಟದಾಚೆಯ ತೋಟದ ಕೂಲಿ. ಭಾನುವಾರ ಮಾವ ತೊಯ್ದುಕೊಂಡು ಬೆಟ್ಟ ಹತ್ತುತ್ತಿದ್ದ. ಅವಳ ಬಾಗಿಲು ಮುಟ್ಟುವಷ್ಟರಲ್ಲಿ ಅಂಗಿ ಒಣಗಿರುತ್ತಿತ್ತು. "ಮಳ್ಯಾಗ ಬಂದೆ ಅಂದ್ರ ನಂಬ್ತಿದ್ದಿಲ್ಲ. ನಗತಿದ್ಲು." ಊರಿನಲ್ಲಿ ತನ್ನ ತಾಯಿ ಹಾಸಿಗೆ ಹಿಡಿದಳೆಂದು ಸುದ್ದಿ ಬಂದಾಗ, ಮರಳಿ ಬರುತ್ತೇನೆಂದು ಹೇಳಿ ಹಡಗು ಹತ್ತಿದ್ದ. ತಾಯಿಯನ್ನು ಒಂಬತ್ತು ವರ್ಷ ನೋಡಿಕೊಂಡ. ತಾಯಿ ತೀರಿಕೊಂಡ ಮೇಲೆ, ಇನ್ನು ಯಾವ ಮುಖ ಹೊತ್ತು ಹೋಗಲಿ ಎಂದು ಉಳಿದುಬಿಟ್ಟ.

ನಾನು ಕಚೇರಿಯ ಗುಮಾಸ್ತ. ಆ ವಾರವೇ ಆಕೆಯ ತೋಟದ ವಿಳಾಸಕ್ಕೆ ಮಾವನ ಹೆಸರಿನಲ್ಲಿ ತೆಲುಗಿನ ಕಾಗದ ಬರೆದೆ. ಎಂಟು ತಿಂಗಳಿಗೆ ಉತ್ತರ ಬಂತು, ಯಾರಿಂದಲೋ ಬರೆಸಿದ್ದು. ಕನ್ನಡ ಮಾಡಿ ಓದಿದೆ: "ಹಳೆಯ ತೋಟದವರು ಕಾಗದ ತಲುಪಿಸಿದರು. ನೀವು ಹೊರಟುಹೋದ ವರ್ಷವೇ ಬೆಟ್ಟ ದಾಟಿ, ನೀವಿದ್ದ ಕೋಣೆಗೆ ಬಂದು ಇಲ್ಲೇ ಇದ್ದೇನೆ. ಮಳೆ ನಿಜ. ಸೂರು ಸೋರುತ್ತಿದೆ."

ಮಾವ ಮೂರು ಸಲ ಓದಿಸಿದ.

ಮರುದಿನ ಬೆಳಿಗ್ಗೆ ಗಂಟು ಕಟ್ಟಿ, ಮದರಾಸಿನ ರೈಲಿಗೆಂದು ಹೊರಟು ನಿಂತಿದ್ದ. ನನ್ನ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಈ ವಯಸ್ಸಿನಾಗ ಅಷ್ಟು ದೂರ ಯಾಕ ಹೋಗ್ತೀಯೋ?"

"ಸೂರು ಸೋರತೈತಂತ, ಅಕ್ಕಾ" ಎಂದ ಮಾವ.

ಅವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.