ನಮ್ಮ ಫ್ರಿಜ್ಜು, ಬಿಲ್ಡಿಂಗಿನವರ ತರಕಾರಿ

ಮೇ ಮೂರು. ಮೋಡವಿತ್ತು, ಗಾಳಿಯಿರಲಿಲ್ಲ, ವಿಪರೀತ ಸೆಕೆ. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಆ ಹೊತ್ತಿಗೆ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ರಜೆಗೆ ಊರಿಗೆ ಹೊರಟವರು ಫ್ರಿಜ್ ಆರಿಸಿ, ಅದರೊಳಗಿದ್ದದ್ದನ್ನೆಲ್ಲ ತಾವು ಮರಳುವವರೆಗೆ ಕಾಪಾಡಲು ಹೊರಡದವರ ಕೈಗಿಟ್ಟು ರಿಕ್ಷಾ ಹತ್ತುತ್ತಾರೆ. ಹೊರಡದವನು ನಾನು. ಹಾಗಾಗಿ ಪ್ರತಿ ಮೇ ತಿಂಗಳೂ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ.

"ಇಟ್ಟುಕೊಂಡದ್ದಕ್ಕೆ ಒಂದು ವರ್ಷವಾದರೂ ಯಾರಾದರೂ ಏನಾದರೂ ಕೊಟ್ಟಿದ್ದಾರಾ? ಬೇಡ ಅನ್ನಬಾರದಾ?" ಎನ್ನುತ್ತಾಳೆ ಹೆಂಡತಿ. ನಾನು ಮಾತು ಕಡಿಮೆಯವನು. ಬೇಡ ಎನ್ನುವುದೂ ಮಾತೇ ತಾನೆ?

ಪುರವಣಿ

ಮೊದಲು ಬಂದದ್ದು ಎದುರುಮನೆಯವರ ಕೊತ್ತಂಬರಿ, ಒಂದು ತಬ್ಬು. ಬೇರು ಕತ್ತರಿಸಿ, ತೊಳೆಯದೆ, ಕಾಗದದಲ್ಲಿ ಸುತ್ತಿಟ್ಟರೆ ಬಾಳುತ್ತದೆ ಎಂದು ಹೇಳಿ ಹೋದರು. ಕಾಗದ ಕೊಡಲಿಲ್ಲ. ಹೆಂಡತಿ ನನ್ನ ಭಾನುವಾರದ ಪುರವಣಿ ತೆಗೆದುಕೊಂಡಳು. ಅದರಲ್ಲಿ ನಾನು ಅರ್ಧ ಓದಿ ಮಡಿಸಿಟ್ಟ ಕತೆಯೊಂದಿತ್ತು.

"ಆ ಹುಡುಗಿ ಮನೆ ಬಿಟ್ಟು ಹೊರಟಿದ್ದಳು ಕಣೇ! ಮುಂದೇನಾಯಿತು?"

"ತಾಳಿ, ಕೊತ್ತಂಬರಿ ಮುಗಿಯಲಿ."

"ಅವರದನ್ನು ನಾವು ಮುಟ್ಟದೆ ಅದು ಮುಗಿಯೋದು ಹೇಗೆ?"

ಅವರು ಮರಳಿದ ದಿನ ಬಿಚ್ಚಿದೆ. ಕೊತ್ತಂಬರಿ ಹಸಿರಾಗಿತ್ತು. ಹುಡುಗಿಗೆ ಬೂಸ್ಟು ಹಿಡಿದಿತ್ತು.

ಮಡಕೆ

ಕೊತ್ತಂಬರಿ ಬಂದ ಮರುದಿನವೇ ಕೆಳಗಿನ ಮನೆಯ ಪೇಂಟಿಂಗ್ ಕಾಂಟ್ರಾಕ್ಟರ್ ಒಂದು ಚೀಲ ನಿಂಬೆಹಣ್ಣು ಹಿಡಿದು ಬಂದರು. ವಿಜಯಪುರದ ಕಡೆಯವರು.

"ಫ್ರಿಜ್ಜಿನಾಗ ಇವು ಒಣಗಿ ಕಟಿಗಿ ಆಗ್ತಾವ್ರಿ ಸರ. ಮಣ್ಣಿನ ಮಡಿಕ್ಯಾಗ ಹಸಿ ಉಸುಕು ಹಾಕಿ ಹುಗದು ಇಡಬೇಕು. ನಮ್ಮವ್ವ ಹಂಗ ಇಡ್ತಿದ್ಲು."

ಫ್ರಿಜ್ ಬೇಡ ಎನ್ನುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ಖುಷಿಯಾಯಿತು. "ಹಾಗೇ ಇಡಿ ಮತ್ತೆ" ಎಂದೆ.

"ಮಡಿಕಿ ಊರಾಗ ಐತ್ರೀ ಸರ. ಇಲ್ಲಿ ನಿಮ್ಮ ಫ್ರಿಜ್ ಐತಲ್ಲ!"

ಚೀಲವನ್ನು ತಾವೇ ಒಳಗೆ ತುರುಕಿ, ಮೊಣಕಾಲಿನಿಂದ ಬಾಗಿಲು ಒತ್ತಿ ಹೋದರು.

ಬಟಾಣಿ

ಬಿಲ್ಡಿಂಗಿಗೆಲ್ಲ ಚಿಕ್ಕಮ್ಮನಾದ ಮೇಲಿನ ಮನೆಯ ಮರಾಠಿ ಕಾಕು ತಂದದ್ದು ಒಂದೇ ಡಬ್ಬಿ. ಚಳಿಗಾಲದ ಎಳೆ ಬಟಾಣಿಯನ್ನು ಕೈಯಾರೆ ಸುಲಿದು, ಕುದಿನೀರಿಗೆ ಹಾಕಿ ತೆಗೆದು, ತಣ್ಣೀರಿನಲ್ಲಿ ಅದ್ದಿ, ಒರೆಸಿ, ಫ್ರೀಜರಿನಲ್ಲಿಟ್ಟು ಕಾಪಾಡಿದ್ದು.

"ಭಾವೂ, ಊರಿಂದ ಬಂದ ಕೂಡಲೇ ಹೊಸ ಅಳಿಯ ಮೊದಲ ಸಲ ಊಟಕ್ಕೆ ಬರ್ತಾರೆ. ಬಟಾಣಿ ತುಂಬಿ ಕರಂಜಿ ಕರಿಯಬೇಕು. ಪಾಕಿಟಿನದು ರಬ್ಬರು, ಅದು ನಮ್ಮ ಹೊಸ್ತಿಲು ದಾಟೋದಿಲ್ಲ. ನಿಮ್ಮ ಮೇಲೆ ಭರವಸೆ."

"ಒಂದು ಕಾಳೂ ಹಾಳಾಗೋದಿಲ್ಲ" ಎಂದುಬಿಟ್ಟೆ.

ಕಾಕು ಊರಿಂದ ಬರುವ ಮುನ್ನ ನಾವು ಎರಡು ದಿನ ಸಯನ್‌ನ ನೆಂಟರ ಮನೆಗೆ ಹೋಗಿದ್ದೆವು. ಮರಳಿ ನೋಡಿದರೆ ನಿಂಬೆಯ ಚೀಲ ಅಡ್ಡಬಂದು ಫ್ರಿಜ್ಜಿನ ಬಾಗಿಲು ಬಾಯಿ ತೆರೆದಿದೆ. ಬಟಾಣಿ ಹುಳಿ ನೀರಿನಲ್ಲಿ ತೇಲುತ್ತಿದೆ. ಕಾಕು ಆಗಲೇ ಬಂದಾಗಿತ್ತು, ಅಳಿಯನ ಊಟ ಮರುದಿನವೇ. ಕೆಳಗಿನ ಅಂಗಡಿಯಿಂದ ಪಾಕಿಟು ತಂದು, ಡಬ್ಬಿ ತೊಳೆದು ತುಂಬಿ, ಇದ್ದದ್ದನ್ನು ಇದ್ದಂತೆ ಹೇಳಲು ಮೇಲೆ ಹತ್ತಿದೆ.

"ಕಾಕು, ನಿಮ್ಮದು ಹಾಳಾಯಿತು. ಇದು ಅಂಗಡಿಯ ಪಾಕಿಟಿನದು."

ಕಾಕು ಎರಡು ಕಾಳು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. "ಈ ವಯಸ್ಸಿನಲ್ಲಿ ತಮಾಷೆಯಾ? ನನ್ನ ಬಟಾಣಿ ನನಗೆ ಗೊತ್ತಾಗೋದಿಲ್ವಾ?"

"ಆಣೆ ಮಾಡಿ ಹೇಳ್ತೇನೆ, ಪಾಕಿಟಿನದು!"

"ಸಾಕು ಭಾವೂ. ಒಂದು ಡಬ್ಬಿ ಇಟ್ಟುಕೊಂಡದ್ದಕ್ಕೆ ಇಷ್ಟು ಆಟವಾ?"

ಊಟದ ಮರುದಿನ ಕಾಕು ನನ್ನನ್ನು ಮೇಲೆ ಕರೆಸಿದರು. "ಅಳಿಯ ತಟ್ಟೆ ಖಾಲಿ ಮಾಡಿ, ಮನೆಯ ಬಟಾಣಿ ಅಂದರೆ ಇದು ಅಂದರು. ನೀವು ಪಾಕಿಟಿನದು ಅಂದಿರಲ್ಲ!"

ಮೈ ಉರಿಯಿತು. ಅಪರೂಪಕ್ಕೆ ಬಾಯಿ ಬಿಟ್ಟು ನಿಜ ಹೇಳಿದರೆ ಅದಕ್ಕೆ ಈ ಮರ್ಯಾದೆ. ತಿರುಗಿ ಹೊರಟೆ. ಕಾಕು ತಡೆದು, "ಹೇಗಿದ್ದರೂ ಕಾಪಾಡಿದಿರಿ, ಬರಿಗೈಲಿ ಹೋಗಬಾರದು" ಎಂದು ಹೊಸ್ತಿಲ ಹೊರಗಿಟ್ಟಿದ್ದ ಪೊಟ್ಟಣವೊಂದನ್ನು ಕೈಗಿಟ್ಟರು.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಅಬ್ಬ, ಕಡೆಗೂ ಒಬ್ಬರು ಕೊಟ್ಟರು! ಏನದು?"

ತೋರಿಸಿದೆ. ಅದೇ ಅಂಗಡಿಯ ಬಟಾಣಿ ಪಾಕಿಟು.

"'ನಿಮಗೆ ಹೇಗೂ ವ್ಯತ್ಯಾಸ ಗೊತ್ತಾಗೋದಿಲ್ಲ ಭಾವೂ, ನಿಮಗೆ ಇದು ನಡೆಯುತ್ತೆ' ಅಂದರು ಕಾಕು."