ಮರದ ಮೇಲಿನ ಕಾಯಿ, ಹರಿಹರದ ಡಿವಿಡೆಂಡು

ಅಂದು ಬಕ್ಕೇಶನಿಗಾದ ಆಯಾಸವನ್ನು ತೂಕಕ್ಕೆ ಹಾಕಿದ್ದರೆ ದಾವಣಗೆರೆಯ ತಕ್ಕಡಿಗಳೆಲ್ಲ ಮುರಿದು ಬೀಳುತ್ತಿದ್ದವು. ಹೋದ ಏಪ್ರಿಲ್ ಒಂದರಂದು ವಿನೋಬನಗರದ ಮಂಡಕ್ಕಿ ಕಂಪನಿಗೆ ಅಕೌಂಟೆಂಟಾಗಿ ಸೇರಿದ ಬಡಪಾಯಿ, ಈ ಮಾರ್ಚಿನ ಬೋನಸ್ ನೆಚ್ಚಿಕೊಂಡು ಹೆಂಡತಿಗೆ ಕಂತಿನಲ್ಲಿ ಫ್ರಿಜ್ ಕೊಡಿಸಿಬಿಟ್ಟಿದ್ದ. ಮಾಲೀಕರಾದ ಹಂಪವ್ವನವರ ಕಟ್ಟಳೆ ಒಂದೇ: ಲಾಭವಾದ ವರ್ಷ ಬೋನಸ್, ಇಲ್ಲದಿದ್ದರೆ ಬರೀ ಮಂಡಕ್ಕಿ.

ಈ ವರ್ಷ ನಷ್ಟ. ಅಷ್ಟರಲ್ಲಿ ಬೆಳಿಗ್ಗೆ ಬ್ಯಾಂಕಿಗೆ ಐದು ಲಕ್ಷ ಬಂದು ಬಿತ್ತು. ಹರಿಹರದ ಚೀಲದ ಫ್ಯಾಕ್ಟರಿಯಲ್ಲಿ ಕಂಪನಿಗಿದ್ದ ಮೂವತ್ತು ಪರ್ಸೆಂಟ್ ಪಾಲಿನ ಡಿವಿಡೆಂಡು! ಕ್ಯಾಶಿಯರ್ ಊರಮ್ಮ ಹಾಕಿದ ಕೇಕೆಗೆ ನಿಟ್ಟುವಳ್ಳಿಯ ನಾಯಿಗಳೆಲ್ಲ ಎದ್ದು ಕೂತವು.

"ಲಾಭ ಅಂತ ಬರೀರಿ ಸಾರ್, ಬೋನಸ್ ಬಂತು!" ಅಂದ ವ್ಯಾನ್ ಡ್ರೈವರ್ ಮುನಾಫ್.

ಬಕ್ಕೇಶನ ಬೆರಳೂ ಅತ್ತಲೇ ಎಳೆಯುತ್ತಿತ್ತು. ಕಲಿತ ಹಾಳು ವಿದ್ಯೆ ಬಿಡಲಿಲ್ಲ.

"ಹಂಗೆ ಬರೆಯಂಗಿಲ್ಲಪ್ಪ. ಹರಿಹರದೋರಿಗೆ ಹೋದ ವರ್ಷ ಲಾಭ ಆದಾಗ್ಲೇ ನಮ್ಮ ಪಾಲು ನಮ್ಮ ಲಾಭಕ್ಕೆ ಸೇರ್ಸಿ ಆಗೈತೆ. ಮರದಾಗಿನ ಕಾಯಿ ಆಗ್ಲೇ ಎಣಿಸಿ ಬರ್ಕೊಂಡೀವಿ. ಈಗ ಕಿತ್ತು ಮನೆಗೆ ತಂದ್ರೆ ಕಾಯಿ ಹೆಚ್ಚಾಗ್ತಾವಾ? ಮರದ ಲೆಕ್ಕದಾಗೆ ಕಳೀಬೇಕು, ಅಷ್ಟೆ."

"ಮನೆಗೆ ಬಂದ ಕಾಯೀಲಿ ಚಟ್ನಿ ಆಗ್ತೈತೆ, ಮರದಾಗಿರೋದ್ರಲ್ಲಿ ಆಗ್ತೈತೇನ್ರೀ?" ಎಂದ ಊರಮ್ಮ ಅವನ ಮುಂದಿನ ಚಹಾ ಲೋಟವನ್ನೇ ಎತ್ತಿಕೊಂಡು ಹೋದಳು.

"ಹರಿಹರದೋರ ಬಾಯಲ್ಲೇ ಕೇಳಣ, ನಡೀರಿ," ಎಂದು ಮುನಾಫ್ ಅವನನ್ನು ವ್ಯಾನಿಗೆ ತುಂಬಿದ. ದಾರಿಯಲ್ಲಿ ಬಾತಿ ಊರಿನ ಹತ್ತಿರ ವ್ಯಾನು ಕೆಟ್ಟು ನಿಂತಿತು. ಮುನಾಫ್ ಸ್ಟೇರಿಂಗ್ ಹಿಡಿದ, ಬಕ್ಕೇಶ ತಳ್ಳಿದ. ಹರಿಹರದ ತನಕ ತಳ್ಳಿದ ಅಂತಲೇ ಇಟ್ಟುಕೊಳ್ಳಿ, ನಾನೇನು ಸುಳ್ಳು ಹೇಳುವವನಲ್ಲ. ಅಲ್ಲಿ ಫ್ಯಾಕ್ಟರಿಯ ಅಕೌಂಟೆಂಟ್ ಗೌಸ್ ಪೀರ್ ಸಾಹೇಬರು ಕನ್ನಡಕ ಏರಿಸಿ, "ಬಕ್ಕೇಶ್ ಹೇಳಿದ್ದೇ ಸರಿ. ಇದು ಹೋದ ವರ್ಷದ ಲಾಭದ ದುಡ್ಡು," ಅಂದುಬಿಟ್ಟರು. ಗೆದ್ದ ಬಕ್ಕೇಶ, ಸೋತ ಪೈಲ್ವಾನನ ಹಾಗೆ ಕಾಲೆಳೆಯುತ್ತ ವಾಪಸಾದ.

ಸಂಜೆ ಕಾಯಿಯ ಕತೆಯನ್ನೆಲ್ಲ ಕೇಳಿ ಹಂಪವ್ವನವರು ಹಿಗ್ಗಿದರು. "ಭೇಷ್ ಬಕ್ಕೇಶಪ್ಪ! ಲಾಭ ಹೋದ ವರ್ಷದ್ದು. ಈ ವರ್ಷ ಯಾರಿಗೂ ಬೋನಸ್ ಇಲ್ಲ."

ಮುನಾಫ್ ತಲೆ ಕೆರೆದುಕೊಂಡ. "ಅವ್ವಾರೆ, ಹೋದ ವರ್ಷ 'ದುಡ್ಡು ಕೈಗೆ ಬಂದಿಲ್ಲ, ಅದೆಂಥ ಲಾಭ' ಅಂತ ಬೋನಸ್ ತಪ್ಪಿಸಿದ್ರಿ. ಈಗ ಬಂತಲ್ರೀ!"

ಹಂಪವ್ವನವರು ಬೋನಸ್ಸಿನ ಪುಸ್ತಕವನ್ನು ಮುಂದಕ್ಕೆ ತಳ್ಳಿದರು. "ಆಯ್ತು ಮಾರಾಯ, ಹೋದ ವರ್ಷದ ಬೋನಸ್ ಕೊಡ್ತೀನಿ."

ಆಫೀಸು ಬಕ್ಕೇಶನನ್ನು ಹೆಗಲ ಮೇಲೆ ಹೊತ್ತಿತು. ಊರಮ್ಮ ಒಂದಲ್ಲ, ಎರಡು ಲೋಟ ಚಹಾ ತಂದಿಟ್ಟಳು. ಗಾಳಿಯಲ್ಲಿ ತೇಲುತ್ತಲೇ ಬಕ್ಕೇಶ ಮನಸ್ಸಿನಲ್ಲಿ ಫ್ರಿಜ್ಜಿನ ಕಂತುಗಳನ್ನೆಲ್ಲ ಕಟ್ಟಿ ಮುಗಿಸಿದ.

"ಬಕ್ಕೇಶಪ್ಪ, ಇಳೀರಿ ಕೆಳಗೆ," ಅಂದರು ಹಂಪವ್ವನವರು. "ಎಲ್ಲರ ಹೆಸರೂ ಬರೀರಿ, ನಿಮ್ದೊಂದು ಬಿಟ್ಟು. ಆ ಕಾಯಿ ಎಣಿಸಿದಾಗ ನೀವು ಮರದ ಹತ್ರಾನೇ ಇರ್ಲಿಲ್ಲ."