ಗ್ಯಾರೇಜಿನ ಮಡಿ ಅಡುಗೆ

ನನ್ನ ಸೋದರಮಾವನಷ್ಟು ಮಡಿಯಲ್ಲಿ ದನದ ಮಾಂಸ ಬೇಯಿಸಿದವರು ಈ ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ! ಬೇಕಾದರೆ ಪಂದ್ಯ ಕಟ್ಟಿ. ತಲೆಗೆ ಸ್ನಾನ ಮಾಡದೆ ಆತ ಮಾಂಸದ ಪ್ಯಾಕೆಟ್ಟನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೆ ಇನ್ನೊಂದು ಸ್ನಾನ. ಮುಂಚಿನ ಸ್ನಾನ ಯಾತಕ್ಕೆ ಎಂದು ನಾನೊಮ್ಮೆ ಕೇಳಿದೆ.

"ಅಡುಗೆ ಅಂದ್ಮೇಲೆ ಅಡುಗೆ ಕಣೇ. ಸ್ನಾನ ಮಾಡ್ದೆ ಒಲೆ ಹಚ್ಚೋದು ಹೆಂಗೆ?"

"ಸರಿ, ಆಮೇಲಿನ ಸ್ನಾನ?"

"ಅದನ್ನೂ ಬಿಡಿಸಿ ಹೇಳ್ಬೇಕೇನೇ? ದನ ಅಲ್ವಾ!"

ಇಂಥ ಮನುಷ್ಯ ಈ ಕೆಲಸಕ್ಕೆ ಕೈ ಹಾಕಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ತಾಳಿ. ಮಾವ ಮೈಸೂರಿನ ಅಗ್ರಹಾರದ ಹುಡುಗ. ಅಮೆರಿಕಕ್ಕೆ ಹೋಗಿ, ರೆಡ್ಮಂಡಿನ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿದ್ದ ಚೀನೀ ಹುಡುಗಿಯನ್ನು ಮದುವೆಯಾಗಿ, ಫೋನಿನಲ್ಲಿ ಸುದ್ದಿ ಹೇಳಿದ. ನಮ್ಮಜ್ಜಿ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ತಾವೇ ಫೋನ್ ಮಾಡಿಸಿ, "ಅವಳು ಅನ್ನ ತಿಂತಾಳೇನೋ?" ಎಂದರು. "ತಿಂತಾಳಮ್ಮ, ಮೂರು ಹೊತ್ತೂ." "ಹಾಗಿದ್ರೆ ಸರಿ ಬಿಡು," ಎಂದು ಊಟಕ್ಕೆ ಕೂತರಂತೆ.

ಅಜ್ಜಿಯ ಕೈಲಿ ಅಷ್ಟು ಸುಲಭವಾಗಿ ಮುಗಿದದ್ದು ಮಾವನ ಕೈಲಿ ಮುಗಿಯಲಿಲ್ಲ. ಅಲ್ಲೇ ಹತ್ತಿರದ ವುಡಿನ್‌ವಿಲ್‌ನಲ್ಲಿ ಮನೆ ಕೊಂಡ ದಿನವೇ ಒಪ್ಪಂದವಾಯಿತು: ಒಳಗಿನ ಒಲೆ ಅವನದು, ಗ್ಯಾರೇಜಿನ ಎಲೆಕ್ಟ್ರಿಕ್ ಒಲೆ ಅತ್ತೆಯದು. ಇಪ್ಪತ್ತು ವರ್ಷ ಪ್ರತಿ ಶನಿವಾರ ಅತ್ತೆ ದಪ್ಪ ಜಾಕೆಟ್ ಹಾಕಿಕೊಂಡು, ಕಾರಿನ ಪಕ್ಕ ಮಡಿಸುವ ಕುರ್ಚಿಯಲ್ಲಿ ಕೂತು, ಮೂರು ಗಂಟೆ ಹೊತ್ತು ತನ್ನ ಅಮ್ಮ ಮಾಡುತ್ತಿದ್ದ ಹಾಗೆ ಸಣ್ಣ ಉರಿಯಲ್ಲಿ ದನದ ಮಾಂಸ ಬೇಯಿಸುತ್ತಿದ್ದಳು. ಮಾವ ಅವಳಿಗೆ ಚಹಾ ತಂದು ಹೊಸ್ತಿಲ ಈಚೆಯೇ ನಿಂತು ಕೈ ಚಾಚುತ್ತಿದ್ದ. ಅವಳು ಎದ್ದು ಬಂದು ಇಸಿದುಕೊಳ್ಳಬೇಕು. "ನಿಮ್ಮ ಮಾವನ ವೀಸಾ ಇಲ್ಲಿಗೆ ಮುಗಿಯುತ್ತೆ," ಎಂದು ಅತ್ತೆ ಹೊಸ್ತಿಲನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಮೂರೇ ಮಾತು: ಸಾಕು, ಬೇಡ, ಊಟ ಆಯ್ತಾ.

ಆಮೇಲೆ ಅತ್ತೆಗೆ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ಹರಡಿತ್ತು. ಡಾಕ್ಟರು ಒಂದು ಮಾತು ಖಡಾಖಂಡಿತವಾಗಿ ಹೇಳಿದರು: ತೂಕ ಇಳಿಯಬಾರದು, ಇಳಿದರೆ ಕೀಮೋ ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿದರೆ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆಗೋ ಏನು ಕೊಟ್ಟರೂ ಸೇರದು. ಮಾವನ ಸಾರನ್ನ ಬೇಡ, ಗಂಜಿ ಬೇಡ, ನಾನು ಮಿಲ್ ಕ್ರೀಕ್‌ನ ನನ್ನ ಮನೆಯಿಂದ ಹೊತ್ತೊಯ್ದ ಪಾಯಸ ಬೇಡ. ಕೊನೆಗೆ ಒಂದು ದಿನ, ಗ್ಯಾರೇಜಿನ ಆ ಮಾಂಸವಾದರೆ ಎರಡು ತುಂಡು ತಿನ್ನಬಹುದೇನೋ ಎಂದಳು. ಹೋಟೆಲಿನಿಂದ ತರಿಸಿದ್ದನ್ನು ಮೂಸಿ ಪಕ್ಕಕ್ಕೆ ಸರಿಸಿದಳು. ಎದ್ದು ನಿಂತು ಬೇಯಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಮಾವ ತಲೆಗೆ ಸ್ನಾನ ಮಾಡಿ, ಮಡಿ ಪಂಚೆಯುಟ್ಟು, ಅದರ ಮೇಲೆ ಅತ್ತೆಯ ದಪ್ಪ ಜಾಕೆಟ್ ಹಾಕಿಕೊಂಡು ಹೊಸ್ತಿಲು ದಾಟಿದ.

ಚೀನೀ ಅಂಗಡಿಗೆ ಅವನನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ. ಮಾಂಸದ ಕೌಂಟರಿನ ಮುಂದೆ ನಿಂತು, ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿ ನೋಡಿದ, ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಸೀಬೆಹಣ್ಣು ಆರಿಸುವ ಹಾಗೆ! "ಎಳೇದು ಇಲ್ವಾ?" ಎಂದು ಕಟುಕನನ್ನು ಕೇಳಲು ನನಗೆ ಹೇಳಿದ. ನಾನು ಕೇಳಲಿಲ್ಲ. ಆ ಮಾಂಸಕ್ಕೆ ಹಾಕಲು ಅತ್ತೆ ತರಹೇಳಿದ್ದ ಅಡುಗೆಯ ವೈನ್ ಬಾಟಲಿಯನ್ನು ಮಾತ್ರ ಕಾಗದದಲ್ಲಿ ಸುತ್ತಿ ಎರಡೇ ಬೆರಳಲ್ಲಿ ಹಿಡಿದುಕೊಂಡ. ಸುತ್ತಮುತ್ತ ಬರೀ ವೈನ್ ತಯಾರಿಸುವವರೇ ಇರುವ ಊರಿನಲ್ಲಿ ಇಪ್ಪತ್ತು ವರ್ಷ ಇದ್ದು ಒಂದು ಬಾಟಲಿಯನ್ನೂ ಮುಟ್ಟದ ಮಹಾನುಭಾವ!

ಅತ್ತೆ ಹಾಸಿಗೆಯಲ್ಲಿ ಮಲಗಿ ಪಾಕವಿಧಾನ ಹೇಳಿದಳು. ಶುಂಠಿ ಸ್ವಲ್ಪ, ಚಕ್ರಮೊಗ್ಗು ಒಂದೆರಡು, ಕಲ್ಲುಸಕ್ಕರೆ ಸ್ವಲ್ಪ, ಆ ವೈನ್ ಸ್ವಲ್ಪ, ಸೋಯಾ ಸಾಸ್ ಸ್ವಲ್ಪ.

"ಸ್ವಲ್ಪ ಅಂದ್ರೆ ಎಷ್ಟು ಎಂ.ಎಲ್.?" ಎಂದ ಮಾವ, ನೋಟ್‌ಬುಕ್ಕಿನಿಂದ ತಲೆಯೆತ್ತದೆ.

"ಬಣ್ಣ ಬರುವಷ್ಟು."

"ಯಾವ ಬಣ್ಣ?"

ಅತ್ತೆ ಕಣ್ಣು ಮುಚ್ಚಿಕೊಂಡಳು. ಮೂರು ಗಂಟೆ ಸಣ್ಣ ಉರಿ ಎಂದು ಅವಳು ಹೇಳಿದ್ದು ಮಾವನಿಗೆ ಒಪ್ಪಿಗೆಯಾಗಲಿಲ್ಲ. ಹಸಿದವಳನ್ನು ಮೂರು ಗಂಟೆ ಕಾಯಿಸುವುದುಂಟೇ? ಕುಕ್ಕರ್ ತಂದ. "ಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಐದು. ಇದಕ್ಕೆ ಆರು ಇಡೋಣ." ಮಾಂಸವನ್ನು ಅಕ್ಕಿ ತೊಳೆದ ಹಾಗೆ ಮೂರು ನೀರಿನಲ್ಲಿ ತೊಳೆದ. ಆಮೇಲೆ ನೋಟ್‌ಬುಕ್ ನೋಡುತ್ತ ನಿಂತು ನನ್ನನ್ನು ಪಕ್ಕಕ್ಕೆ ಕರೆದ.

"ನೋಡೇ, ಪಾಪ, ಕೀಮೋದಲ್ಲಿ ಮರೆವು ಬಂದ್ಬಿಟ್ಟಿದೆ ಅವಳಿಗೆ. ಉಪ್ಪೇ ಹೇಳಿಲ್ಲ! ಕೇಳೋದು ಬೇಡ, ಬೇಜಾರ್ ಮಾಡ್ಕೋತಾಳೆ."

"ಸೋಯಾ ಸಾಸಲ್ಲಿ ಉಪ್ಪು ಇರಲ್ವಾ ಮಾವ?"

"ಅದು ಬಣ್ಣಕ್ಕೆ ಕಣೇ, ಅವಳೇ ಹೇಳಿದ್ದು. ಉಪ್ಪಿಲ್ದೆ ಅಡುಗೆ ಉಂಟಾ?" ಎಂದು ಹುಳಿಗೆ ಹಾಕುವಷ್ಟು ಕಲ್ಲುಪ್ಪು ಹಾಕಿದ.

"ಯಾರಾದ್ರೂ ರುಚಿ ನೋಡ್ಬೇಕಲ್ವಾ?" ಎಂದೆ. ಯಾರಾದರೂ ಎಂದರೆ ಯಾರು? ಅಲ್ಲಿದ್ದವರು ನಾವಿಬ್ಬರೇ, ಇಬ್ಬರೂ ಮಾಂಸ ಮುಟ್ಟದ ಪುಳಿಚಾರಿನವರು. ಮಾವ ನನ್ನನ್ನು ಕೆಕ್ಕರಿಸಿ ನೋಡಿದ.

"ನೈವೇದ್ಯಕ್ಕೆ ಮಾಡಿದ್ದನ್ನ ಯಾರಾದ್ರೂ ಮೊದ್ಲು ರುಚಿ ನೋಡ್ತಾರೇನೇ? ಎಂಜಲಾಗಲ್ವಾ? ನಿಮ್ಮಜ್ಜಿ ಐವತ್ತು ವರ್ಷ ರುಚಿ ನೋಡ್ದೆ ಅಡುಗೆ ಮಾಡಿದಾರೆ. ಒಂದು ದಿನಾನೂ ಉಪ್ಪು ಹೆಚ್ಚುಕಮ್ಮಿ ಆಗಿಲ್ಲ."

ತಟ್ಟೆ ಒಳಗೆ ಹೋಯಿತು. ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಮಾವ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಬಾಗಿಲ ಹತ್ತಿರ ನಿಂತಿದ್ದ. "ಗುಡ್," ಎಂದಳು. ಇನ್ನೊಂದು ತುಂಡು ತಿಂದಳು. ಮಾವ ಗ್ಯಾರೇಜಿಗೆ ಹೋಗಿ ಅತ್ತುಬಂದ. ಬರುವಾಗ ಸ್ನಾನವೂ ಆಗಿತ್ತು.

ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಕುಕ್ಕರ್ ಕೂಗಿತು. ಅತ್ತೆ ದಿನಕ್ಕೆ ಎರಡು ತುಂಡು ತಿಂದಳು, ಬೇರೇನನ್ನೂ ತಿನ್ನಲಿಲ್ಲ. ಭಾನುವಾರ ಬೆಳಿಗ್ಗೆ ತೂಕ ನೋಡುವ ಕಾರ್ಯಕ್ರಮ. ಮಾವನ ಸಂಭ್ರಮ ನೋಡಬೇಕಿತ್ತು. "ಇಳಿದಿಲ್ಲ ಕಣೇ! ಅರ್ಧ ಪೌಂಡ್ ಏರಿದೆ!" ಎಂದು ನನಗೆ ಕಾಲ್ ಮಾಡುತ್ತಿದ್ದ. ನಾನೂ ನಂಬಿದೆ. ಒಂದು ಭಾನುವಾರ ಅವಳನ್ನು ಬಟ್ಟೆ ಬದಲಿಸಲು ಎತ್ತಿ ಕೂರಿಸಿದಾಗ ಗೌನಿನ ಎರಡೂ ಜೇಬು ಭಾರವಾಗಿದ್ದವು. ಒಂದರಲ್ಲಿ ಅವಳ ಫೋನು, ಇನ್ನೊಂದರಲ್ಲಿ ಮಾವನ ಕಲ್ಲುಸಕ್ಕರೆ ಪೊಟ್ಟಣ! ನನಗೆ ಮೊದಲು ನಗು ಬಂತು. ಆಮೇಲೆ ಅವಳ ಭುಜದ ಮೂಳೆ ನನ್ನ ಅಂಗೈಗೆ ಚುಚ್ಚಿತು, ನಗು ನಿಂತಿತು.

"ಅವನಿಗೆ ಹೇಳಬೇಡ," ಎಂದಳು. ಆಸ್ಪತ್ರೆಯ ತಕ್ಕಡಿ ಸುಳ್ಳು ಹೇಳುವುದಿಲ್ಲ, ಅದು ಅವಳಿಗೂ ಗೊತ್ತು. "ಇದೊಂದು ಭಾನುವಾರ ಅವನು ಖುಷಿಯಾಗಿರಲಿ ಅಂತ," ಎಂದಳು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಗುಟ್ಟು ಹೇಳಿದಳು. ನಾಲಿಗೆ ಸತ್ತುಹೋಗಿದೆ, ಏನು ತಿಂದರೂ ಕಬ್ಬಿಣ ಕಚ್ಚಿದ ಹಾಗೆ, ಆದರೆ ಮಾವನ ಅಡುಗೆಯ ಉಪ್ಪು ಮಾತ್ರ ತಿಳಿಯುತ್ತದೆ. ಸಮುದ್ರ ಕುಡಿದ ಹಾಗಿದೆ.

"ಹೇಳಬಾರದೇ ಅತ್ತೆ? ಕಡಿಮೆ ಹಾಕುತ್ತಿದ್ದ," ಎಂದೆ ಇಂಗ್ಲಿಷಿನಲ್ಲಿ.

"ಅವನು ನನ್ನ ಒಲೆಯ ಹತ್ತಿರ ಬರೋದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಈಗ ಉಪ್ಪಿನ ಬಗ್ಗೆ ಮಾತಾಡಲಾ?"

ಮುಂದಿನ ವಾರ ಆಸ್ಪತ್ರೆಯಲ್ಲಿ ಗೌನು ಬಿಚ್ಚಿಸಿ ತೂಕ ನೋಡಿದರು. ಕೀಮೋ ನಿಲ್ಲಿಸಿದರು. ಮಾವ ಮಾತ್ರ ಕುಕ್ಕರ್ ನಿಲ್ಲಿಸಲಿಲ್ಲ. ಆರು ಕೂಗು ಸಾಲದೇನೋ ಎಂದು ಏಳಕ್ಕೆ ಏರಿಸಿದ. ಕೊನೆಯ ದಿನಗಳಲ್ಲಿ ಆ ತುಂಡನ್ನು ಬೆರಳಲ್ಲಿ ಹಿಸುಕಿ, ಅನ್ನ ಕಲಸಿದ ಹಾಗೆ ಕಲಸಿ, ತಾನೇ ಬಾಯಿಗಿಡುತ್ತಿದ್ದ. ಎರಡನೇ ಸ್ನಾನ ಯಾವಾಗ ಬಿಟ್ಟನೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ಸಾಕು," ಎಂದಳು ಒಂದು ಗುರುವಾರ. ಅದೇ ಅವಳ ಕೊನೆಯ ಮಾತು.

ಕರ್ಮಗಳೆಲ್ಲ ಮುಗಿದ ಮೇಲೆ ನಾನು ಅವನ ಮನೆ ಚೊಕ್ಕಟ ಮಾಡಲು ಹೋದೆ. ಗ್ಯಾರೇಜಿನ ಫ್ರೀಜರಿನಲ್ಲಿ ಒಂದೇ ಒಂದು ಡಬ್ಬಿ ಉಳಿದಿತ್ತು. ಮುಚ್ಚಳದ ಮೇಲೆ ಮಾವನ ಅಕ್ಷರ: ಏಳು ಕೂಗು. ಕಸದ ಚೀಲಕ್ಕೆ ಹಾಕಲು ಹೋದವಳ ಕೈ ಹಿಡಿದ.

"ಬಿಸಾಕ್ಬೇಡ. ನೈವೇದ್ಯ ಮಾಡಿದೋನು ಪ್ರಸಾದ ತಗೊಳ್ದೆ ಇರ್ತಾನೇನೇ?"

"ಮಾವ, ಏನ್ ಹೇಳ್ತಿದೀಯ ನೀನು? ಬೇಡ."

ಕೇಳಲಿಲ್ಲ. ಬಿಸಿ ಮಾಡಿ, ತಟ್ಟೆಗೆ ಹಾಕಿಕೊಂಡು, ಕೂತು, ಒಂದು ತುಂಡು ಬಾಯಿಗಿಟ್ಟ. ಮುಖ ಕಿವುಚಿಕೊಂಡ. ಈಗ ಉಗಿಯುತ್ತಾನೆ ಎಂದುಕೊಂಡೆ. ಉಗಿಯಲಿಲ್ಲ, ಅಗಿದು ನುಂಗಿದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಊಟ ಆದ್ಮೇಲೆ ದಿನಾ ಎರಡೆರಡು ಲೋಟ ನೀರು ಕೇಳೋಳು ಕಣೇ. ನಾನು ಔಷಧಿ ಉಷ್ಣ ಅಂದ್ಕೊಂಡಿದ್ದೆ." ನಾನು ನೀರು ತರಲು ಎದ್ದೆ. ಬೇಡ ಎಂದು ಕೈ ಮಾಡಿ, ಎರಡನೆಯ ತುಂಡನ್ನು ಎತ್ತಿಕೊಂಡ.